ಹಕ್ಕಿಯ ಸುತ್ತ ಕಾಡನ್ನೂ ಉಳಿಸು

ದೊಡ್ಡಬಳ್ಳಾಪುರ

ಪ್ರೀತಿಯ ಮಗಳೇ,

ಗಣೇಶಗುಡಿಯಿಂದ ಬಂದು ನೀನು ಕಳಿಸಿದ ನಲವತ್ತು ಚಿತ್ರಗಳನ್ನೂ ನೋಡಿದೆ. ಒಂದೇ ಗುಕ್ಕಿಗೆ ನೋಡಿ ಮುಗಿಸಲಿಲ್ಲ. ಮೂರು ದಿನ, ಬೆಳಗಿನ ಕಾಫಿ ಹೊತ್ತಿಗೆ, ಒಂದೊಂದಾಗಿ ನೋಡಿದೆ. ಕಾಕರಣೆ ಹಕ್ಕಿಯ ಹೊಟ್ಟೆಯ ಕೆಂಪು, ಪಚ್ಚೆ ಪಾರಿವಾಳದ ಬೆನ್ನಿನ ಹೊಳಪು, ಪಿಕಳಾರದ ಕೊರಳಿನ ಬೆಂಕಿ, ಎಲ್ಲವೂ ಕಣ್ಣಿಗೆ ಹಬ್ಬ. ನಿನ್ನ ಕೈ ಪಳಗಿದೆ, ಕಣ್ಣು ಚುರುಕಾಗಿದೆ. ಆದರೆ ಮೂರನೆಯ ದಿನ ಮನಸ್ಸಿಗೊಂದು ಕೊರತೆ ಕಾಡತೊಡಗಿತು. ಅಷ್ಟು ದೂರ ಹೋಗಿ, ಕಾಳಿ ಕಣಿವೆಯ ಆ ದಟ್ಟ ಕಾಡಿನೊಳಗೆ ಕೂತು ತೆಗೆದ ಚಿತ್ರಗಳಲ್ಲಿ ಕಾಡೇ ಇಲ್ಲ. ಬಹುತೇಕ ಎಲ್ಲವನ್ನೂ ಹಕ್ಕಿಯ ಮೈಗೆ ತಾಗುವಷ್ಟು ಕತ್ತರಿಸಿಬಿಟ್ಟಿದ್ದೀಯ.

ಇದನ್ನು ನಿನಗೊಬ್ಬಳಿಗೇ ಫೋನಿನಲ್ಲಿ ಹೇಳಬಹುದಿತ್ತು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯಿಂದ ಶುಕ್ರವಾರ ರಾತ್ರಿ ಕ್ಯಾಮೆರಾ ಹೊತ್ತು ಮಲೆನಾಡಿನ ಬಸ್ಸು ಹತ್ತುವ ನಿನ್ನ ವಾರಗೆಯವರು ಈಗ ಬಹಳ ಮಂದಿ ಇದ್ದಾರೆ. ಅವರೂ ಓದಲಿ ಅಂತ ಪತ್ರಿಕೆಗೆ ಬರೆಯುತ್ತಿದ್ದೇನೆ.

ಕಾಕರಣೆಯ ಚಿತ್ರವೊಂದರ ಮೂಲವನ್ನೂ ನೀನು ಕಳಿಸಿದ್ದೆಯಲ್ಲ, ಅದನ್ನು ಇಲ್ಲಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ನನ್ನ ಹತ್ತಿರ ಕಪ್ಪು ರಟ್ಟಿನ ಎರಡು ತುಂಡುಗಳಿವೆ, ‘ಎಲ್’ ಅಕ್ಷರದ ಆಕಾರದವು. ಡಾರ್ಕ್‌ರೂಮಿನ ಕಾಲದಿಂದ ಜೊತೆಗಿವೆ. ಅವನ್ನು ಪ್ರಿಂಟಿನ ಮೇಲಿಟ್ಟು ಮೊದಲು ನೀನು ಕತ್ತರಿಸಿದಷ್ಟಕ್ಕೆ ಹೊಂದಿಸಿದೆ. ಹಕ್ಕಿ ಪಾಸ್‌ಪೋರ್ಟ್ ಫೋಟೋಗೆ ಕೂತಂತೆ ಕಂಡಿತು. ರಟ್ಟನ್ನು ಎಡಕ್ಕೆ ಎರಡು ಇಂಚು ಸರಿಸಿದೆ. ಜೋತುಬಿದ್ದ ಒಂದು ಬಳ್ಳಿ ಒಳಗೆ ಬಂತು, ಹಕ್ಕಿಯ ನೋಟ ಆ ಬಳ್ಳಿಯ ಗುಂಟ ಸಾಗಿತು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಹಕ್ಕಿ ಏನನ್ನೋ ಹುಡುಕುತ್ತಿರುವ ಹಕ್ಕಿಯಾಯಿತು. ಇನ್ನೊಂದು ಇಂಚು ಮೇಲಕ್ಕೆ ಸರಿಸಿದೆ. ಬಿದಿರೆಲೆಗಳ ಒಂದು ಗೊಂಚಲು, ಅದರ ಮೇಲೆ ಸೋರಿದ ಚೂರು ಬಿಸಿಲು. ಹಕ್ಕಿ ಯಾಕೆ ನೆರಳಲ್ಲಿ ಕೂತಿದೆ ಅನ್ನುವುದು ಆಗ ತಿಳಿಯಿತು. ಬಲಗಡೆ ಮಾತ್ರ ಎಲೆಗಳ ಸಂದಿಯಲ್ಲಿ ಆಕಾಶದ ಒಂದು ಬಿಳಿ ತೂತಿದೆ, ಕಣ್ಣನ್ನು ಎಳೆದುಕೊಂಡು ಹೋಗುತ್ತದೆ. ಕತ್ತರಿ ಆಡಬೇಕಾದ್ದು ಅಲ್ಲಿ.

ಅದೇ ಹಕ್ಕಿ ಬೆನ್ನು ತಿರುಗಿಸಿ ಕೂತ ಆರು ಚಿತ್ರಗಳನ್ನು ಅಳಿಸಿಬಿಟ್ಟೆ ಅಂದೆ. ನನಗೆ ಸಂಕಟವಾಯಿತು. ಕಾಕರಣೆ ಗಾಬರಿಯಾದರೆ ಮಾಡುವುದೇ ಅದನ್ನು. ಹೊಟ್ಟೆಯ ಕೆಂಪನ್ನು ಮರೆಮಾಡಿ, ಕಂದು ಬೆನ್ನನ್ನು ನಮ್ಮ ಕಡೆ ತಿರುಗಿಸಿ, ಮರದ ತುಂಡಿನ ಹಾಗೆ ಅಲುಗಾಡದೆ ಕೂತುಬಿಡುತ್ತದೆ. ಬಣ್ಣದ ಹಕ್ಕಿ ಕಾಡಿನಲ್ಲಿ ಹೇಗೆ ಮಾಯವಾಗುತ್ತದೆ ಎಂಬ ಗುಟ್ಟು ಆ ಆರು ಚಿತ್ರಗಳಲ್ಲಿತ್ತು. ‘ನೀನು ಹತ್ತಿರ ಬಂದದ್ದು ಸಾಕು’ ಎಂಬ ಮಾತೂ ಇತ್ತು. ಇನ್ನು ಮುಂದೆ ಅಂಥವನ್ನು ಅಳಿಸಬೇಡ. ಹಕ್ಕಿ ಬೆನ್ನು ತಿರುಗಿಸಿದರೆ ಎರಡು ಹೆಜ್ಜೆ ಹಿಂದೆ ಸರಿ.

ಕತ್ತರಿಸುವುದರ ಲೆಕ್ಕವನ್ನೂ ಹೇಳುತ್ತೇನೆ. ನಿನ್ನ ಕ್ಯಾಮೆರಾ 24 ಮೆಗಾಪಿಕ್ಸೆಲಿನದು: ಉದ್ದಕ್ಕೆ 6000, ಅಗಲಕ್ಕೆ 4000. ಎರಡನ್ನೂ ಅರ್ಧಕ್ಕೆ ಇಳಿಸಿದರೆ ಉಳಿಯುವುದು ಕಾಲುಭಾಗ, ಬರೀ 6 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ ಅದು 10 ಇಂಚು ಉದ್ದಕ್ಕೆ ಮುಗಿಯಿತು. ಗೋಡೆಗೆ ಹಾಕುವ 18 ಇಂಚಿಗೆ 5400 ಬೇಕು. ಮಳೆಕಾಡಿನೊಳಗೆ ಬೆಳಕು ಕಮ್ಮಿ, 3200 ಅಥವಾ 6400 ಐಎಸ್ಒ ಇಲ್ಲದೆ ಕೆಲಸ ಸಾಗದು. ಅದರಿಂದ ಮೂಡುವ ಕಾಳುಕಾಳು ಇಡೀ ಚಿತ್ರದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಕಾಲುಭಾಗವನ್ನು ಹಿಗ್ಗಿಸಿದಾಗ ಬೀಳುತ್ತದೆ. ನೀನು ಅದನ್ನು ಸಾಫ್ಟ್‌ವೇರಿನಿಂದ ಒರೆಸಿದ್ದೀಯ. ಕಾಕರಣೆಯ ರೆಕ್ಕೆಯ ಮೇಲಿನ ಆ ಸಣ್ಣ ಸಣ್ಣ ಕಪ್ಪುಬಿಳಿ ಗೆರೆಗಳೂ ಅದರ ಜೊತೆಗೇ ಒರೆಸಿಹೋಗಿವೆ.

ಸುತ್ತಲಿನ ಖಾಲಿ ಜಾಗದ ಬೆಲೆಯನ್ನು ನಮ್ಮೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವರು ನಾವು. ಅಪ್ಪ ಹೊಸ ಸೀರೆಯನ್ನು ಮಗ್ಗದಿಂದ ಇಳಿಸಿ ಚಾಪೆಯ ಮೇಲೆ ಹರಡಿದಾಗ ಮೊದಲು ಒಡಲಿನ ಮೇಲೆ ಕೈ ಸವರುತ್ತಿದ್ದರು. ಎಲ್ಲರೂ ಸೆರಗು ನೋಡುತ್ತಾರೆ, ಒಡಲು ಖಾಲಿ ಇದ್ದರೇ ಅಂಚು ಎದ್ದು ಕಾಣೋದು ಅನ್ನುತ್ತಿದ್ದರು. ಮೈತುಂಬ ಬುಟ್ಟಾ ತುಂಬಿದ ಸೀರೆಯಲ್ಲಿ ಒಂದು ಬುಟ್ಟಾವೂ ನೆನಪಿನಲ್ಲಿ ಉಳಿಯುವುದಿಲ್ಲ. ನಿನ್ನ ಚಿತ್ರದ ಹಸಿರೇ ಒಡಲು. ಅದನ್ನು ಉಳಿಸಿದರೆ ಕೆಂಪು ತಾನಾಗಿ ಮಾತಾಡುತ್ತದೆ.

ಒಂದು ಅಭ್ಯಾಸ ಮಾಡು. ಬಣ್ಣದ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡು. ಹಕ್ಕಿ ಹಿನ್ನೆಲೆಯೊಳಗೆ ಕರಗಿಹೋದರೆ, ನೀನು ಬಣ್ಣವನ್ನೇ ನೆಚ್ಚಿ ಕೂತಿದ್ದೆ, ಕೊಂಬೆಯ ಓಟ, ನೆರಳು-ಬೆಳಕು ಯಾವುದನ್ನೂ ಗಮನಿಸಿರಲಿಲ್ಲ ಎಂದರ್ಥ. ಸಂಡೂರಿನ ಎಂ.ವೈ. ಘೋರ್ಪಡೆಯವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪುಬಿಳುಪಿನಲ್ಲೇ ಕಾಡುಪ್ರಾಣಿಗಳನ್ನು ಸೆರೆಹಿಡಿದವರು. ಆ ಪುಸ್ತಕ ಎಲ್ಲಾದರೂ ಸಿಕ್ಕರೆ ಕೂತು ನೋಡು. ಬಣ್ಣದ ಆಸರೆ ಇಲ್ಲದೆ ಚೌಕಟ್ಟು ಕಟ್ಟುವುದು ಏನೆಂದು ತಿಳಿಯುತ್ತದೆ.

ಉದ್ದ ಬಾಲದ ಹಕ್ಕಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭೀಮರಾಜನ ಬಾಲದ ತುದಿಯ ಎರಡು ಗರಿಗಳನ್ನು ಚೌಕಟ್ಟಿನ ಹೊರಗೆ ಬಿಟ್ಟರೆ ಅದು ಭೀಮರಾಜನೇ ಅಲ್ಲ. ರಾಜಹಕ್ಕಿಗೆ ಕ್ಯಾಮೆರಾವನ್ನು ಲಂಬವಾಗಿ ಹಿಡಿ.

ಈಗ ನನ್ನದೊಂದು ತಪ್ಪನ್ನು ಹೇಳಬೇಕು. ಸ್ಲೈಡ್ ಫಿಲ್ಮಿನ ಕಾಲ. ಒಂದು ರೋಲಿಗೆ 36 ಚಿತ್ರ. ಸ್ಲೈಡನ್ನು ಆಮೇಲೆ ಕತ್ತರಿಸುವುದು ಕಷ್ಟ, ತೆಗೆಯುವಾಗಲೇ ಎಲ್ಲ ಅಚ್ಚುಕಟ್ಟಾಗಿರಬೇಕು ಎಂಬ ಹಟ. ಮಾಕಳಿದುರ್ಗದ ತಪ್ಪಲಿನ ಲಂಟಾನಾ ಪೊದೆಯಲ್ಲಿ ಕೆಮ್ಮೀಸೆ ಪಿಕಳಾರದ ಗೂಡು ಸಿಕ್ಕಿತ್ತು, ಮೂರು ಮರಿ. ಅಡ್ಡ ಬರುತ್ತಿದ್ದ ನಾಲ್ಕು ರೆಂಬೆಗಳನ್ನು ಕತ್ತರಿಯಿಂದ ಕತ್ತರಿಸಿದೆ. ಬೆಳಕು ಚೆನ್ನಾಗಿ ಬಿತ್ತು, ಚಿತ್ರವೂ ಬಂತು. ಮರುದಿನ ಬೆಳಿಗ್ಗೆ ಹೋದಾಗ ಪೊದೆಯಿಂದ ಒಂದು ಕೆಂಬೂತ ಹಾರಿತು. ಗೂಡು ಖಾಲಿ. ತಾಯಿಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದುಕೊಂಡೇ ಆ ಕತ್ತರಿಸಿದ ರೆಂಬೆಯ ಮೋಟಿನ ಮೇಲೆ ಕೂತಿತ್ತು. ಆ ಸ್ಲೈಡನ್ನು ನಾನು ಯಾರಿಗೂ ತೋರಿಸಿಲ್ಲ, ಬಿಸಾಡಿಯೂ ಇಲ್ಲ. ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಕತ್ತರಿಸು, ಹಿಂದಕ್ಕೆ ತರಬಹುದು. ಕಾಡಿನಲ್ಲಿ ಒಂದು ಎಲೆಯನ್ನೂ ಸರಿಸಬೇಡ. ಗೂಡು ಕಂಡರೆ ಕ್ಯಾಮೆರಾ ಇಳಿಸಿ ಬಂದ ದಾರಿಯಲ್ಲೇ ವಾಪಸ್ಸು ನಡೆ.

ಹಕ್ಕಿಗಳಿಗೆ ನೀರಿಟ್ಟು, ಪರದೆಯ ಹಿಂದೆ ಕೂತು ತೆಗೆಯುವ ಚಿತ್ರಗಳ ಬಗ್ಗೆ ನನಗೆ ಮುನಿಸಿಲ್ಲ. ಆದರೆ ನೀರಿನ ತೊಟ್ಟಿಯ ಅಂಚನ್ನು ಕತ್ತರಿಸಿ ತೆಗೆದು, ಕೆಳಗೆ ‘ದಟ್ಟಡವಿಯಲ್ಲಿ’ ಎಂದು ಬರೆಯುವುದು ಸುಳ್ಳು. ನೀರಿನ ತೊಟ್ಟಿಯ ಬಳಿ ತೆಗೆದದ್ದು ಎಂದು ಬರೆ, ಚಿತ್ರದ ಬೆಲೆ ಇಳಿಯುವುದಿಲ್ಲ. 2014ರಲ್ಲಿ ಜಗತ್ತಿನ ಮೂರು ದೊಡ್ಡ ಛಾಯಾಗ್ರಹಣ ಸಂಸ್ಥೆಗಳು ನಿಸರ್ಗ ಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದರ ಪ್ರಕಾರ ಅಂಚು ಕತ್ತರಿಸಬಹುದು; ಇಲ್ಲದ್ದನ್ನು ಸೇರಿಸುವಂತಿಲ್ಲ, ಒಳಗಿದ್ದದ್ದನ್ನು ಅಳಿಸುವಂತಿಲ್ಲ. ಸ್ಪರ್ಧೆಗೆ ಕಳಿಸದಿದ್ದರೂ ಈ ನಿಯಮವನ್ನು ಪಾಲಿಸು.

ಬಣ್ಣದ ಹಕ್ಕಿಗೆ ಗಣೇಶಗುಡಿಯವರೆಗೇ ಹೋಗಬೇಕೆಂದೂ ಇಲ್ಲ. ನಿಮ್ಮ ಮನೆಯ ಮಹಡಿಯಿಂದ ಕಾಣುವ ನಂದಿಬೆಟ್ಟ 1478 ಮೀಟರ್ ಎತ್ತರ. ನೆತ್ತಿಯ ಮೇಲೆ ಮಂಜು ಕುಡಿದು ಬೆಳೆದ ಪುಟ್ಟ ಹಸಿರು ಕಾಡಿದೆ. ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳ ಘಟ್ಟದಿಂದ ಇಷ್ಟು ದೂರದಲ್ಲಿ ಆ ಕಾಡಿನಲ್ಲಿ ಬದುಕಿದೆ. ಕೆಳಗಿನ ಬಂಡೆಗಳ ಇಳಿಜಾರಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ, ಭಾರತದ ದಕ್ಷಿಣ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬಂಡೆಯನ್ನು ಬಿಟ್ಟು ಆ ಹಕ್ಕಿಯ ಚಿತ್ರ ತೆಗೆದರೆ ಅರ್ಧ ಹಕ್ಕಿಯನ್ನು ತೆಗೆದಂತೆ.

ಭಾನುವಾರ ಬೆಳಿಗ್ಗೆ ಬಾ. ಕತ್ತರಿಸಿದ ನಲವತ್ತನ್ನು ಮನೆಯಲ್ಲೇ ಬಿಟ್ಟು, ಮೂಲ ಚಿತ್ರಗಳಷ್ಟನ್ನೂ ತೆಗೆದುಕೊಂಡು ಬಾ. ರಟ್ಟಿನ ತುಂಡುಗಳನ್ನು ಮೇಜಿನ ಮೇಲೆ ತೆಗೆದಿಟ್ಟಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ