‘ಮೋರ್ ಟಾಲರ್’ ಅನ್ನುವ ಮುನ್ನ

ಮಗಳೇ, ಇಂಗ್ಲಿಷಿನಲ್ಲಿ ಒಂದನ್ನು ಇನ್ನೊಂದಕ್ಕೆ ಹೋಲಿಸುವಾಗ ನಿನ್ನ ನಾಲಿಗೆ ತಡವರಿಸುತ್ತದೆಯಲ್ಲ, ಅದಕ್ಕೆ ಕಾರಣ ನಿನ್ನ ದಡ್ಡತನವಲ್ಲ. ನಮ್ಮ ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಒಂದೇ ಹೊರುತ್ತದೆ. ಅಣ್ಣ ಎತ್ತರ, ಅಣ್ಣ ಅಪ್ಪನಿಗಿಂತ ಎತ್ತರ, ಅಣ್ಣ ಎಲ್ಲರಿಗಿಂತ ಎತ್ತರ. ಮೂರು ಮಾತಿನಲ್ಲೂ ‘ಎತ್ತರ’ ಕೂತಲ್ಲಿಂದ ಅಲುಗಲಿಲ್ಲ, ನೋಡು. ಇಂಗ್ಲಿಷಿನಲ್ಲಿ ಗುಣವಾಚಕವೇ ರೂಪ ಬದಲಿಸಬೇಕು: ಟಾಲ್, ಟಾಲರ್, ಟಾಲೆಸ್ಟ್. ‘ದ್ಯಾನ್’ ಒಂದನ್ನೇ ನಂಬಿ ‘ಹೀ ಈಸ್ ಟಾಲ್ ದ್ಯಾನ್ ಮೀ’ ಅಂದರೆ, ಅದು ಇಂಗ್ಲಿಷ್ ಪದಗಳಲ್ಲಿ ಆಡಿದ ಕನ್ನಡ.

ಹೋಲಿಕೆಯ ಗುರುತು ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಭಯಕ್ಕೆ ಕೆಲವರು ಎರಡೆರಡು ಸಲ ಸೇರಿಸುತ್ತಾರೆ: ಮೋರ್ ಟಾಲರ್, ಮೋರ್ ಬೆಟರ್. ಟಾಲ್, ಸ್ಮಾಲ್‌ನಂಥ ಗಿಡ್ಡ ಪದಕ್ಕೆ ಕೊನೆಯಲ್ಲಿ ‘ಅರ್’ ಸಾಕು. ಬ್ಯೂಟಿಫುಲ್, ಡಿಫಿಕಲ್ಟ್‌ನಂಥ ಉದ್ದ ಪದಕ್ಕೆ ಮುಂದೆ ‘ಮೋರ್’ ಸಾಕು. ಈಸಿ, ಹ್ಯಾಪಿ ಎರಡು ಉಚ್ಚಾರಾಂಶದವಾದರೂ ಈಸಿಯರ್, ಹ್ಯಾಪಿಯರ್ ಎಂದೇ ಆಗುತ್ತವೆ. ಶೇಕ್ಸ್‌ಪಿಯರನ ನಾಟಕಗಳಲ್ಲೇ ‘ಮೋರ್ ಬೆಟರ್’ನಂಥ ಜೋಡಿ ಹೋಲಿಕೆಗಳು ಸಿಗುತ್ತವೆ. ಅವನ ಕಾಲದಲ್ಲಿ ಅದು ತಪ್ಪಾಗಿರಲಿಲ್ಲ. 1762ರಲ್ಲಿ ಬಂದ ತನ್ನ ಇಂಗ್ಲಿಷ್ ವ್ಯಾಕರಣ ಪುಸ್ತಕದಲ್ಲಿ ರಾಬರ್ಟ್ ಲೌತ್ ಎಂಬಾತ ಅದನ್ನು ಸಲ್ಲದು ಎಂದ. ಇವತ್ತು ಪರೀಕ್ಷೆಯ ಮೌಲ್ಯಮಾಪಕರೂ ಕೆಲಸ ಕೊಡುವವರೂ ನೋಡುವುದು ಆ ಕಟ್ಟಳೆಯನ್ನೇ. ಆದ್ದರಿಂದ ನೀನೂ ಪಾಲಿಸು.

ಕ್ರಿಯಾವಿಶೇಷಣಕ್ಕೂ ಹೆಚ್ಚು ಕಡಿಮೆ ಇದೇ ದಾರಿ. ಸ್ಲೋಲಿ ಇದ್ದದ್ದು ಮೋರ್ ಸ್ಲೋಲಿ ಆಗುತ್ತದೆ. ಫಾಸ್ಟ್, ಹಾರ್ಡ್‌ನಂಥವು ಮಾತ್ರ ಫಾಸ್ಟರ್, ಹಾರ್ಡರ್ ಆಗುತ್ತವೆ. ವೆಲ್ ಎಂಬುದು ಬೆಟರ್, ಬೆಸ್ಟ್ ಆಗುತ್ತದೆ. ‘ಫಾಸ್ಟ್ಲಿ’ ಎಂಬುದು ಇವತ್ತಿನ ಇಂಗ್ಲಿಷಿನಲ್ಲಿ ಬಳಕೆಯಲ್ಲಿಲ್ಲ. ‘ಹಾರ್ಡ್ಲಿ’ ಉಂಟು, ಆದರೆ ಅದರ ಅರ್ಥ ‘ಇಲ್ಲವೆನ್ನುವಷ್ಟು ಕಡಿಮೆ’ ಎಂದು. ಸಂದರ್ಶನದಲ್ಲಿ ‘ಐ ಹಾರ್ಡ್ಲಿ ವರ್ಕ್ಡ್’ ಅಂದುಬಿಟ್ಟೀಯೆ, ಜೋಕೆ!

ಇಷ್ಟನ್ನು ಯಾವ ಗೈಡೂ ಹೇಳುತ್ತದೆ. ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಬೇರೆ. ಬಾಯಿ ತೆರೆಯುವ ಮೊದಲು ಕೇಳಿಕೋ: ನಾನು ಯಾವುದನ್ನು ಯಾವುದರ ಪಕ್ಕ ಇಡುತ್ತಿದ್ದೇನೆ? ‘ಬೆಂಗಳೂರಿನ ಹವೆ ಚೆನ್ನೈಗಿಂತ ತಂಪು’ ಅಂದರೆ ಕನ್ನಡದ ಕಿವಿಗೆ ಏನೂ ಕೊರೆಯಿಲ್ಲ. ಕೇಳಿದವರು ಉಳಿದದ್ದನ್ನು ತುಂಬಿಕೊಳ್ಳುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಹವೆಯನ್ನು ಊರಿಗೆ ಹೋಲಿಸಿದಂತಾಗುತ್ತದೆ. ‘ದ್ಯಾನ್ ಚೆನ್ನೈ’ಸ್’ ಅಥವಾ ‘ದ್ಯಾನ್ ದಟ್ ಆಫ್ ಚೆನ್ನೈ’ ಎಂದು ಬರೆ.

ಮುಳ್ಳಯ್ಯನಗಿರಿಯನ್ನು ತೆಗೆದುಕೋ. ಕರ್ನಾಟಕದ ಅತಿ ಎತ್ತರದ ಶಿಖರ ಅದು. ‘ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ’ ಎಂದು ಬರೆದರೆ, ಮುಳ್ಳಯ್ಯನಗಿರಿಯೂ ಕರ್ನಾಟಕದ ಶಿಖರವೇ ಆದ್ದರಿಂದ ಅದು ತನಗಿಂತ ತಾನೇ ಎತ್ತರ ಎಂದ ಹಾಗಾಯಿತು. ‘ಎನಿ ಅದರ್ ಪೀಕ್’ ಎಂದು ಬರೆ. ಆ ‘ಅದರ್’ ಒಂದೇ ಪದದಿಂದ ವಾಕ್ಯ ನೆಟ್ಟಗೆ ನಿಲ್ಲುತ್ತದೆ. ಅದೇ ಸಂಗತಿಯನ್ನು ‘ದ ಹೈಯೆಸ್ಟ್ ಪೀಕ್’ ಎಂದೂ, ‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಎಂದೂ ಹೇಳಬಹುದು. ನೀವು ಡಿಗ್ರೀಸ್ ಆಫ್ ಕಂಪ್ಯಾರಿಸನ್ ಎಂದು ಉರು ಹೊಡೆಯುವುದು ಇದನ್ನೇ. ಉರು ಹೊಡೆಯಬೇಡ. ಯಾವುದರ ಪಕ್ಕ ಯಾವುದು ನಿಂತಿದೆ ಎಂದು ಮನಸ್ಸಿಗೆ ಬಂದರೆ ಮೂರು ರೂಪವೂ ತಾವಾಗಿ ಬರುತ್ತವೆ.

ಇನ್ನೆರಡು ಮಾತು. ‘ಒನ್ ಆಫ್ ದ ಬೆಸ್ಟ್’ ಆದಮೇಲೆ ಬಹುವಚನ ಬರಲೇಬೇಕು: ಟೀಚರ್ಸ್, ಟೀಚರ್ ಅಲ್ಲ. ಸೀನಿಯರ್, ಜೂನಿಯರ್, ಸುಪೀರಿಯರ್ ಲ್ಯಾಟಿನ್‌ನಿಂದ ಬಂದ ಪದಗಳು. ಅವು ‘ದ್ಯಾನ್’ ಒಲ್ಲವು, ‘ಟು’ ಕೇಳುತ್ತವೆ. ಆಫೀಸುಗಳಲ್ಲಿ ‘ಸೀನಿಯರ್ ದ್ಯಾನ್ ಮೀ’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ನೀನು ‘ಸೀನಿಯರ್ ಟು ಮೀ’ ಅನ್ನು.

ಈ ಸಂಜೆ ನಮ್ಮೂರು, ಪಕ್ಕದೂರು, ನಿನ್ನ ಕಾಲೇಜು ಇವನ್ನೇ ಹಿಡಿದುಕೊಂಡು ಇಂಥ ಕೆಲವು ವಾಕ್ಯ ಕಟ್ಟು, ಗಟ್ಟಿಯಾಗಿ ಓದು. ತಪ್ಪಿದ ಕಡೆ ಹೇಳಿಕೊಡಲು ನಾನಿದ್ದೇನೆ.