ಪ್ರಾಸ್ಟೇಟ್‌ಗೆ ಲೇಸರ್ ಎಂದರೆ: ಮುಂಚೆ ಕೇಳಬೇಕಾದ್ದು, ಆಮೇಲೆ ನೋಡಿಕೊಳ್ಳಬೇಕಾದ್ದು

ಅರವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿಗೆ ಅಡ್ಡವಾಗುವುದು ತೀರ ಸಾಮಾನ್ಯ. ಮಾತ್ರೆಗೆ ಬಗ್ಗದಿದ್ದರೆ ಯೂರಾಲಜಿಸ್ಟ್ 'ಲೇಸರ್ ಮಾಡಿಬಿಡೋಣ' ಎನ್ನುತ್ತಾರೆ. ಆಪರೇಷನ್ ತಪ್ಪಿತು ಎಂದು ಮನೆಯವರು ನಿರಾಳವಾಗುವುದುಂಟು. ದಯವಿಟ್ಟು ಹಾಗೆ ತಿಳಿಯಬೇಡಿ. ಹೊಟ್ಟೆಯ ಮೇಲೆ ಗಾಯವಿಲ್ಲ, ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಬರಬಹುದು. ಆದರೂ ಅರಿವಳಿಕೆ ಕೊಟ್ಟೇ ಮಾಡುವ ಆಪರೇಷನ್ ಇದು. ತಯಾರಿಯೂ ಅಷ್ಟೇ ಗಟ್ಟಿಯಾಗಿರಬೇಕು.

ಮೊದಲು ಯಾವ ಲೇಸರ್ ಎಂದು ಕೇಳಿ. ಹೆಚ್ಚು ಬಳಕೆಯಲ್ಲಿರುವ ಹೋಲ್ಮಿಯಂ ಲೇಸರ್‌ನ ತರಂಗಾಂತರ ಸುಮಾರು 2,100 ನ್ಯಾನೋಮೀಟರ್. ಈ ಕಿರಣವನ್ನು ನೀರು ತಟ್ಟನೆ ಹೀರಿಕೊಳ್ಳುವುದರಿಂದ ಅದು ಅಂಗಾಂಶದೊಳಕ್ಕೆ ಅರ್ಧ ಮಿಲಿಮೀಟರ್‌ನಷ್ಟೂ ಇಳಿಯುವುದಿಲ್ಲ. ಕಿರಣವನ್ನು ಒಯ್ಯುವ ಫೈಬರ್‌ನ ತುದಿ ಅಂಗಾಂಶಕ್ಕೆ ತಾಗುವಂತಿದ್ದರೆ ಕೊಯ್ಯುತ್ತದೆ. ಎಲ್ಲಾದರೂ ರಕ್ತನಾಳ ಚಿಮ್ಮಿದರೆ ಸರ್ಜನ್ ಅದೇ ತುದಿಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆಳೆಯುತ್ತಾರೆ. ಆಗ ಕಿರಣ ಹರಡಿಕೊಂಡು, ಆ ಬಿಸಿಗೆ ನಾಳದ ಬಾಯಿ ಮುರುಟಿ ಕಟ್ಟಿಕೊಳ್ಳುತ್ತದೆ. ಹೀಗೆ ಕೊಯ್ಯುತ್ತ, ರಕ್ತ ನಿಲ್ಲಿಸುತ್ತ, ಕಿತ್ತಳೆಯ ತೊಳೆಗಳನ್ನು ಸಿಪ್ಪೆಯಿಂದ ಬಿಡಿಸುವಂತೆ ಬೆಳೆದ ಭಾಗವನ್ನು ಬಿಡಿಸಿ ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ತುಂಡರಿಸಿ ಹೀರಿ ತೆಗೆಯುತ್ತಾರೆ. ನ್ಯೂಜಿಲೆಂಡಿನ ಟೌರಂಗಾದಲ್ಲಿ ಪೀಟರ್ ಗಿಲ್ಲಿಂಗ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ವಿಧಾನವಿದು. ಹಿಂದೆ ಹೊಟ್ಟೆ ಕೊಯ್ದೇ ತೆಗೆಯುತ್ತಿದ್ದ, 100 ಗ್ರಾಂ ದಾಟಿದ ಗ್ರಂಥಿಗೂ ಇದು ಆಗುತ್ತದೆ.

532 ನ್ಯಾನೋಮೀಟರ್‌ನ ಹಸಿರು ಲೇಸರ್ ಬೇರೆ ಬಗೆಯದು. ಅದನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಅಂಗಾಂಶ ಆವಿಯಾಗಿ ಹೋಗುತ್ತದೆ. ಬಯಾಪ್ಸಿಗೆ ಕಳಿಸಲು ತುಂಡು ಉಳಿಯುವುದಿಲ್ಲ. ಹಾಗಾಗಿ ಕ್ಯಾನ್ಸರ್ ಸಂಶಯವಿದ್ದರೆ ಮೊದಲೇ ಬಗೆಹರಿಸಿಕೊಳ್ಳಬೇಕು.

ಎರಡನೆಯದು, ಡಾಕ್ಟರ ಅನುಭವ. ಹೋಲ್ಮಿಯಂ ವಿಧಾನ ಕೈಗೆ ಹತ್ತಲು ಹತ್ತಾರು ಆಪರೇಷನ್‌ಗಳೇ ಬೇಕು. 'ಇದನ್ನು ನೀವು ಎಷ್ಟು ಮಾಡಿದ್ದೀರಿ ಸಾರ್?' ಎಂದು ಕೇಳಲು ಸಂಕೋಚ ಬೇಡ. ಹೊಸ ಮೆಷಿನ್‌ಗಿಂತ ಪಳಗಿದ ಕೈ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ರಕ್ತ ತೆಳುವಾಗಿಸುವ ಮಾತ್ರೆಗಳು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಇಲ್ಲೇ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್, ಅಪಿಕ್ಸಾಬಾನ್, ಏನೇ ಇದ್ದರೂ ಚೀಟಿ ಸಮೇತ ತೋರಿಸಿ. ನಾಟಿ ಔಷಧ, ಆಯುರ್ವೇದದ ಮಾತ್ರೆ ಇದ್ದರೆ ಅದನ್ನೂ ಹೇಳಿ. ಇಂಥ ರೋಗಿಗಳಿಗೆ ಲೇಸರ್ ಒಳ್ಳೆಯ ಆಯ್ಕೆ ಎನ್ನುವುದೇ ರಕ್ತಸ್ರಾವ ಕಡಿಮೆ ಎಂಬ ಕಾರಣಕ್ಕೆ. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹೃದಯದಲ್ಲಿ ಸ್ಟೆಂಟ್ ಇರುವವರು ತಾವಾಗಿ ನಿಲ್ಲಿಸಿದರೆ ಅದು ಕಟ್ಟಿಕೊಂಡು ಹೃದಯಾಘಾತವಾದೀತು. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂಬುದನ್ನು ಹೃದ್ರೋಗ ತಜ್ಞರು, ಯೂರಾಲಜಿಸ್ಟ್ ಇಬ್ಬರೂ ಸೇರಿ ನಿರ್ಧರಿಸಲಿ. ಅದನ್ನು ಬರೆಸಿಕೊಳ್ಳಿ.

ಆಪರೇಷನ್‌ಗೆ ಮುಂಚೆ ಪಿಎಸ್‌ಎ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಮೂತ್ರದ ಕಲ್ಚರ್ ಮುಗಿದಿರಬೇಕು. ಸೋಂಕಿದ್ದರೆ ಮೊದಲು ಅದಕ್ಕೆ ಔಷಧ. ಅಂದಾಜು ಖರ್ಚಿನಲ್ಲಿ ಲೇಸರ್ ಫೈಬರ್ ಸೇರಿದೆಯೇ, ಇನ್ಶೂರೆನ್ಸ್ ಒಪ್ಪುತ್ತದೆಯೇ ಎಂದೂ ವಿಚಾರಿಸಿ.

ಆಪರೇಷನ್ ಆದಮೇಲೆ ಮೂತ್ರವನ್ನು ಚೀಲಕ್ಕೆ ಹರಿಸುವ ನಳಿಕೆ, ಅಂದರೆ ಕ್ಯಾಥೆಟರ್, ಸಾಮಾನ್ಯವಾಗಿ ಒಂದೆರಡು ದಿನ ಇರುತ್ತದೆ. ಚೀಲದಲ್ಲಿ ಮೂತ್ರ ತಿಳಿಗುಲಾಬಿಯಾಗಿದ್ದರೆ ಗಾಬರಿ ಬೇಡ. ಬಣ್ಣ ಟೊಮೆಟೊ ರಸದಂತೆ ದಟ್ಟವಾದರೆ, ಹೆಪ್ಪು ಕಂಡರೆ, ಚೀಲ ತುಂಬುವುದೇ ನಿಂತು ಕೆಳಹೊಟ್ಟೆ ಬಿಗಿದರೆ ತಕ್ಷಣ ನರ್ಸ್‌ಗೆ ತಿಳಿಸಿ.

ಮನೆಗೆ ಬಂದ ಮೇಲೆ, ಹೃದಯ, ಕಿಡ್ನಿ ತೊಂದರೆಯ ಪಥ್ಯವಿಲ್ಲದಿದ್ದರೆ, ಧಾರಾಳವಾಗಿ ನೀರು ಕುಡಿಯಿರಿ. ಮಲಬದ್ಧತೆಯಾಗದಂತೆ ನೋಡಿಕೊಳ್ಳಿ, ತಿಣುಕಿದರೆ ಒಳಗಿನ ಗಾಯದಿಂದ ರಕ್ತ ಬರಬಹುದು. ಕೆಲವು ವಾರ ಭಾರ ಎತ್ತುವುದು, ಸೈಕಲ್, ಬೈಕು ಬೇಡ. ಉರಿ, ಅವಸರ, ಕೆಮ್ಮಿದಾಗ ಹನಿ ಜಾರುವುದು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಇರುತ್ತದೆ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ಆಪರೇಷನ್‌ಗೆ ಮುಂಚೆಯೇ ಕಲಿತರೆ ಹನಿ ಜಾರುವುದು ಬೇಗ ಹತೋಟಿಗೆ ಬರುತ್ತದೆ. ಬಹುಪಾಲು ಗಂಡಸರಲ್ಲಿ ವೀರ್ಯ ಹೊರಬರುವ ಬದಲು ಮೂತ್ರಕೋಶಕ್ಕೆ ಹೋಗುತ್ತದೆ. ಇದರಿಂದ ಅಪಾಯವಿಲ್ಲ, ಆದರೆ ಸಹಿ ಹಾಕುವ ಮುನ್ನವೇ ದಂಪತಿಗಳಿಗೆ ಗೊತ್ತಿರಬೇಕು.

ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ತೆಗೆದ ತುಂಡಿನ ಬಯಾಪ್ಸಿ ವರದಿ ಡಿಸ್ಚಾರ್ಜ್ ಹೊತ್ತಿಗೆ ಬಂದಿರುವುದಿಲ್ಲ. ಅದನ್ನು ಕೇಳಿ ಪಡೆದು, ಡಾಕ್ಟರಿಗೆ ತೋರಿಸಿ, ಫೈಲಿನಲ್ಲಿಡಿ.