ತೊಗರಿ ರಾಶಿಯ ಧೂಳು, ಯಂತ್ರದ ಸದ್ದು ಮತ್ತು ರೈತರ ಆರೋಗ್ಯ

ವಾಯುಮಾಲಿನ್ಯ ಮತ್ತು ಶಬ್ದಮಾಲಿನ್ಯಗಳು ಪಟ್ಟಣದ ಪಿಡುಗು, ಹಳ್ಳಿಗೆ ಅವುಗಳ ಕಾಟವಿಲ್ಲ ಎಂಬ ನಂಬಿಕೆ ಸಾಮಾನ್ಯವಾಗಿದೆ. ಕಲಬುರಗಿ ಜಿಲ್ಲೆಯ ಮಟ್ಟಿಗೆ ಈ ನಂಬಿಕೆ ಸರಿಯಲ್ಲ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ ಕರ್ನಾಟಕದ ನಾಲ್ಕು ನಗರಗಳು ಅದರಲ್ಲಿ ಸೇರಿದವು. ಬೆಂಗಳೂರು, ಹುಬ್ಬಳ್ಳಿ-ಧಾರವಾಡ ಮತ್ತು ದಾವಣಗೆರೆಗಳ ಜೊತೆಗೆ ನಾಲ್ಕನೆಯದು ಕಲಬುರಗಿ. ನಗರದ ಅಂಚಿನ ಕೋಟನೂರದಂಥ ಊರುಗಳಲ್ಲಿ ವಾಹನಗಳ ಹೊಗೆಯೂ ರಸ್ತೆಯ ಧೂಳೂ ಹೊಲದ ಧೂಳಿನೊಡನೆ ಸೇರುತ್ತವೆ. ಕಮಲಾಪುರ ತಾಲ್ಲೂಕಿನ ಒಳಹಳ್ಳಿಗಳಲ್ಲಿ ವಾಹನಗಳು ಕಡಿಮೆ ಇರಬಹುದು. ಆದರೆ ಒಲೆಯ ಹೊಗೆ, ರಾಶಿಯ ಧೂಳು ಮತ್ತು ಯಂತ್ರದ ಸದ್ದು ಅಲ್ಲಿಯೂ ಇವೆ.

ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು ಮತ್ತು ರಾಶಿಯ ಕೆಲಸ ಭರದಿಂದ ಸಾಗುತ್ತದೆ. ಚಳಿಗಾಲದ ರಾತ್ರಿ ಮತ್ತು ಮುಂಜಾವಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಕ್ಕೆ ಏರುವುದಿಲ್ಲ. ಆದ್ದರಿಂದ ಹೊಗೆ ಮತ್ತು ಧೂಳು ಊರಿನ ಮೇಲೆಯೇ ನಿಲ್ಲುತ್ತವೆ. ಧೂಳು ಹೆಚ್ಚು ಏಳುವ ಕಾಲವೂ ಅದು ಚದುರದೆ ಉಳಿಯುವ ಕಾಲವೂ ಒಂದೇ ಆಗಿರುವುದು ಇಲ್ಲಿನ ವಿಶೇಷ.

ಧೂಳಿನಿಂದಾಗುವ ತೊಂದರೆಗಳು

ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನ ಕೂದಲು ಮತ್ತು ಸಿಂಬಳದಲ್ಲಿ ಸಿಕ್ಕಿ ಬೀಳುತ್ತದೆ. ಅಪಾಯವಿರುವುದು ಕಾಣದ ಧೂಳಿನಲ್ಲಿ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ಉಸಿರಿನ ನಾಳಗಳಿಗೆ ಇಳಿಯುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನು ಮುಟ್ಟುತ್ತವೆ. ಅವುಗಳಲ್ಲಿ ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಇದರಿಂದ ಕೆಮ್ಮು, ಉಬ್ಬಸಗಳಷ್ಟೇ ಅಲ್ಲದೆ ಹೃದಯಾಘಾತ ಮತ್ತು ಲಕ್ವದ ಸಂಭವವೂ ಹೆಚ್ಚುತ್ತದೆ. ಈ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 15.

ರಾಶಿಯ ಧೂಳಿನಲ್ಲಿ ಮಣ್ಣಿನ ಜೊತೆಗೆ ಎಲೆಯ ಪುಡಿ, ಕಾಯಿಯ ಮೇಲಿನ ರೋಮ, ಕೀಟಗಳ ಚೂರು ಮತ್ತು ಬೂಷ್ಟಿನ ಬೀಜಕಣಗಳಿರುತ್ತವೆ. ಒದ್ದೆಯಾಗಿ ಬೂಷ್ಟು ಹಿಡಿದ ಮೇವು ಅಥವಾ ಸಿವುಡನ್ನು ಬಿಚ್ಚಿದ ನಾಲ್ಕರಿಂದ ಎಂಟು ಗಂಟೆಗಳ ನಂತರ ಕೆಲವರಿಗೆ ಚಳಿಜ್ವರ, ಒಣಕೆಮ್ಮು, ಏದುಸಿರು ಕಾಣಿಸುತ್ತವೆ. ಇದಕ್ಕೆ ರೈತರ ಶ್ವಾಸಕೋಶ ರೋಗವೆಂದೇ ಹೆಸರಿದೆ. ಹಗಲು ಮಾಡಿದ ಕೆಲಸಕ್ಕೂ ರಾತ್ರಿ ಬಂದ ಜ್ವರಕ್ಕೂ ಸಂಬಂಧವಿದೆಯೆಂದು ತಿಳಿಯದೆ ಇದನ್ನು ಸಾಮಾನ್ಯ ನೆಗಡಿ ಜ್ವರವೆಂದು ಬಿಡುವುದುಂಟು. ಪದೇ ಪದೇ ಹೀಗಾದರೆ ಶ್ವಾಸಕೋಶದಲ್ಲಿ ಕಲೆಗಟ್ಟುತ್ತದೆ. ಆ ಕಲೆ ಮತ್ತೆ ಮಾಯುವುದಿಲ್ಲ.

ಒಲೆಯ ಹೊಗೆ

ಗಂಡಸರು ವರ್ಷದಲ್ಲಿ ಕೆಲವು ವಾರ ರಾಶಿಯ ಧೂಳು ಕುಡಿದರೆ, ತೊಗರಿ ಕಟ್ಟಿಗೆಯಿಂದ ಅಡಿಗೆ ಮಾಡುವ ಹೆಣ್ಣುಮಕ್ಕಳು ವರ್ಷವಿಡೀ ಹೊಗೆ ಕುಡಿಯುತ್ತಾರೆ. ರಾಶಿಯ ಕಾಲದಲ್ಲಿ ತೂರುವ, ಕೇರುವ ಕೆಲಸವೂ ಅವರದೇ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಪ್ರಾಣವಾಯುವಿಗಿಂತ ಸುಮಾರು 200 ಪಟ್ಟು ಬಲವಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಗರ್ಭಿಣಿಯರಲ್ಲಿ ಇದು ಶಿಶುವಿನ ತೂಕ ಕಡಿಮೆಯಾಗಲು ಕಾರಣವಾಗಬಹುದು. ಒಲೆಯ ಹತ್ತಿರ ಕೂರುವ ಎಳೆಯ ಮಕ್ಕಳಲ್ಲಿ ನ್ಯುಮೋನಿಯಾ ಹೆಚ್ಚು.

ಸದ್ದು ಕಿವಿಗೆ ಮಾಡುವ ಹಾನಿ

ಸದ್ದನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಮತ್ತು ರಾಶಿ ಯಂತ್ರಗಳ ಹತ್ತಿರ ಇದು ಸಾಮಾನ್ಯವಾಗಿ 90ನ್ನು ದಾಟುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂದು ತಜ್ಞರ ಲೆಕ್ಕ. ಆ ಬಳಿಕ ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಯಂತ್ರದ ಬಾಯಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಸಿವುಡು ಕೊಡುವವನ ಕಿವಿ ಎಷ್ಟು ದಣಿಯುತ್ತದೆಂಬುದನ್ನು ಇದರಿಂದ ಊಹಿಸಬಹುದು.

ಅಳೆಯುವ ಉಪಕರಣವಿಲ್ಲದಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಒಂದು ಮಾರು ದೂರದಲ್ಲಿರುವವರಿಗೆ ಕೂಗಿಯೇ ಹೇಳಬೇಕಾದರೆ ಆ ಸದ್ದು ಕಿವಿಗೆ ಅಪಾಯಕಾರಿ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಒಮ್ಮೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಕಿವಿಯಲ್ಲಿ ಗುಂಯ್‌ಗುಡುತ್ತದೆ. ನಂತರ ಹೆಂಗಸರ, ಮಕ್ಕಳ ಸಣ್ಣ ದನಿ ಕೇಳಿಸುವುದಿಲ್ಲ. ಕೊನೆಗೆ ಎಲ್ಲ ಮಾತೂ ಮಸುಕಾಗುತ್ತದೆ. ನೋವಿಲ್ಲದ ಕಾರಣ ಈ ಕಿವುಡು ಗಮನಕ್ಕೆ ಬರುವುದು ತಡವಾಗಿ. ಸತತ ಸದ್ದಿನಿಂದ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ. ಎಚ್ಚರಿಕೆಯ ಕೂಗು ಕೇಳಿಸದೆ ಯಂತ್ರಕ್ಕೆ ಕೈ ಸಿಕ್ಕುವ ಅಪಾಯವೂ ಇದೆ.

ಅನುಸರಿಸಬೇಕಾದ ಕ್ರಮಗಳು

1. ಒಂದು ಹಿಡಿ ಹೊಟ್ಟು ತೂರಿ ಗಾಳಿಯ ದಿಕ್ಕು ನೋಡಬೇಕು. ಧೂಳು ಊರಿನ ಕಡೆಗೂ ಕೆಲಸಗಾರರ ಕಡೆಗೂ ಹೋಗದಂತೆ ಯಂತ್ರ ನಿಲ್ಲಿಸಬೇಕು. ಎಳೆಯ ಮಕ್ಕಳನ್ನು ಕಣದ ಹತ್ತಿರ ಮಲಗಿಸಬಾರದು.

2. ಮುಖಕ್ಕೆ ಕಟ್ಟಿದ ಟವೆಲ್ ದಪ್ಪ ಧೂಳನ್ನು ಮಾತ್ರ ತಡೆಯುತ್ತದೆ. ಅದರ ಸಡಿಲ ತುದಿ ಯಂತ್ರಕ್ಕೆ ಸಿಕ್ಕಿ ಪ್ರಾಣಕ್ಕೇ ಮುಳುವಾಗಬಹುದು. ಎನ್-95 ಮುಖವಾಡವನ್ನು ಮೂಗಿಗೆ ಬಿಗಿಯಾಗಿ ಕೂರುವಂತೆ ಧರಿಸುವುದು ಉತ್ತಮ. ಒದ್ದೆಯಾದರೆ ಅಥವಾ ಉಸಿರಾಟ ಕಷ್ಟವಾದರೆ ಅದನ್ನು ಬದಲಿಸಬೇಕು.

3. ಸಿವುಡುಗಳನ್ನು ಚೆನ್ನಾಗಿ ಒಣಗಿಸಿ ಒಟ್ಟಬೇಕು. ಬೂಷ್ಟು ಹಿಡಿದುದನ್ನು ಮುಚ್ಚಿದ ಕೋಣೆಯಲ್ಲಿ ಬಿಚ್ಚಬಾರದು.

4. ಕಿವಿಗೆ ಕಿವಿಬಿರಡೆ ಅಥವಾ ಕಿವಿಮುಚ್ಚಿಗೆ ಹಾಕಬೇಕು. ಅರಳೆಯಿಂದ ಪ್ರಯೋಜನ ಬಹಳ ಕಡಿಮೆ. ಸಿವುಡು ಕೊಡುವ ಕೆಲಸವನ್ನು ಗಂಟೆಗೊಮ್ಮೆ ಬದಲಾಯಿಸಿಕೊಳ್ಳಬೇಕು. ಬೇರಿಂಗಿಗೆ ಗ್ರೀಸು ಹಾಕಿ, ಸಡಿಲ ಬೋಲ್ಟು ಬಿಗಿದು, ಟ್ರ್ಯಾಕ್ಟರಿನ ಸೈಲೆನ್ಸರ್ ಸರಿಪಡಿಸಿದರೆ ಸದ್ದು ಇಳಿಯುತ್ತದೆ.

5. ಕೂಳೆ, ಎಲೆ, ಕಸಗಳನ್ನು ಹೊಲದಲ್ಲಿ ಸುಡಬಾರದು. ಹೊಟ್ಟು ದನಗಳಿಗೆ ಒಳ್ಳೆಯ ಮೇವು. ಉದುರಿದ ಎಲೆ ಭೂಮಿಗೆ ಗೊಬ್ಬರ. ಕಟ್ಟಿಗೆಯನ್ನು ಚೂರು ಮಾಡಿದರೆ ಕಾಂಪೋಸ್ಟಿಗೆ ಬರುತ್ತದೆ.

6. ಅಡಿಗೆಗೆ ಸಾಧ್ಯವಿದ್ದಷ್ಟು ಗ್ಯಾಸನ್ನೇ ಬಳಸಬೇಕು. ಕಟ್ಟಿಗೆ ಉರಿಸುವುದು ಅನಿವಾರ್ಯವಾದರೆ ಹೊಗೆಕೊಳವೆ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಇಂಥದೇ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಮನೆಯೊಳಗೇ ತುಂಬುತ್ತದೆ.

7. ಎರಡು ವಾರಕ್ಕೂ ಹೆಚ್ಚು ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ರಾಶಿಯ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಬೀಡಿ ಸೇದುವವರಿಗೆ ಧೂಳಿನ ಹಾನಿ ಇಮ್ಮಡಿಯಾಗುತ್ತದೆ ಎಂಬುದನ್ನು ಮರೆಯಬಾರದು.

8. ಶಬ್ದಮಾಲಿನ್ಯದ 2000ದ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಗಲೆಲ್ಲ ಯಂತ್ರದ ಸದ್ದು ಕೇಳಿದ ಕಿವಿಗೆ ರಾತ್ರಿಯಾದರೂ ವಿಶ್ರಾಂತಿ ಬೇಕು.

ರಸ್ತೆಯ ಧೂಳನ್ನು ತಡೆಯುವುದು ಒಬ್ಬ ರೈತನ ಕೈಯಲ್ಲಿಲ್ಲ. ಆದರೆ ತನ್ನ ಕಣದ ಧೂಳು, ತನ್ನ ಒಲೆಯ ಹೊಗೆ, ತನ್ನ ಯಂತ್ರದ ಸದ್ದು ಅವನ ಹತೋಟಿಯಲ್ಲಿವೆ. ಬೆಳೆ ಕೆಟ್ಟರೆ ಮುಂದಿನ ಹಂಗಾಮಿನಲ್ಲಿ ಮತ್ತೆ ಬಿತ್ತಬಹುದು. ಹೋದ ಕಿವಿಯನ್ನೂ ಕಲೆಗಟ್ಟಿದ ಶ್ವಾಸಕೋಶವನ್ನೂ ಮರಳಿ ಪಡೆಯಲಾಗದು. ರಾಶಿಗೆ ಯಂತ್ರ ಗೊತ್ತುಮಾಡುವಾಗಲೇ ಮುಖವಾಡ ಮತ್ತು ಕಿವಿಬಿರಡೆಗಳನ್ನೂ, ಕೂಲಿಯಾಳುಗಳಿಗೂ ಸೇರಿಸಿ, ತಂದಿಟ್ಟುಕೊಳ್ಳುವುದು ಒಳಿತು.